ಮೂರು ಕೊಟೇಷನ್, ಒಂದೇ ಕೈ

ಅಜ್ಜಂಪುರದ ನಮ್ಮ ಶಾಲೆಯಲ್ಲಿ ಐದನೇ ತರಗತಿಯ ಚಾವಣಿಯ ಗಾರೆ ಒಂದು ಭಾನುವಾರ ಕಳಚಿ ಬಿತ್ತು. ಸೋಮವಾರ ಹೋಗಿ ನೋಡಿದರೆ ನನ್ನ ಮಗಳು ಕೂರುವ ಬೆಂಚಿನ ಮೇಲೆ ರೊಟ್ಟಿ ಹೆಂಚಿನಷ್ಟು ಅಗಲದ ಚಕ್ಕೆಗಳು. ಆವತ್ತಿನಿಂದ ಶಾಲೆಯ ಸಮಿತಿಯಲ್ಲಿ ನನ್ನದೇ ಜೋರು ದನಿ. ಸಣ್ಣ ಕಾಮಗಾರಿಗೆ ಮೂರು ಕೊಟೇಷನ್ ತರಿಸಿ, ಕಡಿಮೆ ಹೇಳಿದವನಿಗೆ ಕೊಟ್ಟುಬಿಡುವ ಪದ್ಧತಿ ಹೋಗಬೇಕು, ಎಷ್ಟೇ ಚಿಕ್ಕ ಕೆಲಸವಾದರೂ ಆನ್‌ಲೈನಿನಲ್ಲಿ ಎಲ್ಲರಿಗೂ ಕಾಣುವಂತೆ ಟೆಂಡರ್ ಕರೆಯಬೇಕು ಎಂದು ಅರ್ಜಿ ಬರೆದವಳೂ ನಾನೇ.

ಅರ್ಜಿಯ ಜೊತೆಗಿಡಲು ಆ ಕೋಣೆಗೆ ಹಿಂದೆ ಗಾರೆ ಮಾಡಿಸಿದಾಗಿನ ಕಾಗದಗಳನ್ನು ಶಾಲೆಯ ಮೇಷ್ಟ್ರು ಮಾಹಿತಿ ಹಕ್ಕಿನಲ್ಲಿ ಕೇಳಿ ತರೀಕೆರೆಯ ಕಚೇರಿಯಿಂದ ತಂದರು. ಮೇಜಿನ ಮೇಲೆ ಹರಡಿ ನಕ್ಕರು.

“ನೋಡಿ ಮೇಡಂ, ಮೂರು ಜನದ ಕೊಟೇಷನ್ನು, ಬರೆದಿರೋದು ಒಂದೇ ಕೈ. ಒಂದನ್ನ ಬೇಕಂತ್ಲೇ ಓರೆ ಮಾಡಿದಾನೆ, ಕಳ್ಳ!”

ಆ ಕಳ್ಳ ನಾನು.

ಕಡೂರಿನಲ್ಲಿ ಅಪ್ಪ ಸಣ್ಣಪುಟ್ಟ ಸರ್ಕಾರಿ ಗುತ್ತಿಗೆ ಹಿಡಿಯುತ್ತಿದ್ದಾಗ ನಾನು ಡಿಗ್ರಿ ಓದುತ್ತಿದ್ದೆ. ಅಕ್ಷರ ಚೆನ್ನಾಗಿಲ್ಲದ ಅವರ ಸ್ನೇಹಿತರಿಗೂ ಬರೆದುಕೊಡುತ್ತಿದ್ದೆ ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ಉಪಕಾರಕ್ಕೆ ಬರೆದವಳು ಅಕ್ಷರವನ್ನೇಕೆ ಓರೆ ಮಾಡಿದೆ? ಯಾವ ಊರಿನ ಕೋಣೆ ಎಂದು ಆಗ ಓದಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ.

ಮೇಷ್ಟ್ರಿಗೆ ಏನೂ ಹೇಳದೆ ಕಡೂರಿನ ಬಸ್ಸು ಹತ್ತಿದೆ. ಅಪ್ಪ ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದರು. ಜೆರಾಕ್ಸ್ ಹಾಳೆಗಳನ್ನು ಮುಂದೆ ಹಿಡಿದೆ.

“ಆಗ ಎಲ್ರೂ ಹಂಗೇ ಮಾಡ್ತಿದ್ದದ್ದು ಕಣವ್ವ. ಈ ಸಲ ಕೆಲ್ಸ ನಂದು, ಮುಂದಿನ ಸಲ ಇನ್ನೊಬ್ಬಂದು. ಉಳಿದಿಬ್ರ ಲೆಟರ್‌ಹೆಡ್ಡೂ ನಮ್ಮನೇಲೇ ಇರ್ತಿತ್ತು.”

“ಓರೆ ಮಾಡಿ ಬರಿ ಅಂತ ಯಾಕಪ್ಪಾ ಹೇಳ್ದೆ ನಂಗೆ?”

ಅಪ್ಪ ಕೈ ನಿಲ್ಲಿಸಿದರು. “ನಾನೆಲ್ಲಿ ಹೇಳ್ದೆ? ಮೂರೂ ಒಂದೇ ಥರ ಇದ್ರೆ ಸಿಕ್ಕಾಕ್ಕೊಂತೀಯ ಅಂದೋಳು ನೀನೇ ಕಣೇ. ಓದಿದ್ ಮಗಳು ಅಂದ್ರೆ ಹಿಂಗಿರ್ಬೇಕು ಅಂತ ಆ ಇಬ್ರಿಗೂ ಹೇಳ್ಕಂಡು ನಕ್ಕಿದ್ದೆ!”

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಪ್ಪನ ನೆನಪು ತಪ್ಪಿರಬಹುದು ಎಂದುಕೊಂಡೆ. ಆದರೆ ಓರೆ ಅಕ್ಷರ ಕೈಯಲ್ಲೇ ಇತ್ತು.

ಮಗಳ ಬೆಂಚಿನ ಮೇಲೆ ಗಾರೆ ಬಿದ್ದದ್ದನ್ನು ಹೇಳಿದಾಗ ಅವರ ಮುಖ ಇಳಿಯಿತು. “ಅರ್ಜೀಲಿ ನನ್ನೆಸ್ರು ಹಾಕ್ಸು. ನೀನ್ ಬರ್ದಿದ್ದು ಅಂತ ಯಾರ್ಗೂ ಗೊತ್ತಾಗಲ್ಲ, ಬಿಡು.”

ಮನಸ್ಸು ಹಗುರವಾಯಿತು. ಅವತ್ತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ್ದು ಆ ಹಗುರವೇ. ಇನ್ನೊಂದು ಸುಳ್ಳು ನೆನಪು ಗಟ್ಟಿಯಾಗುವ ಮೊದಲು ಅಲ್ಲೇ ಕೂತು ಮೇಷ್ಟ್ರಿಗೆ ಫೋನ್ ಮಾಡಿದೆ.

“ಆ ಮೂರೂ ಬರೆದವಳು ನಾನು ಮೇಷ್ಟ್ರೇ. ಅರ್ಜಿಯಲ್ಲಿ ಅದನ್ನೂ ಸೇರಿಸ್ತೀನಿ.”

ಮೇಷ್ಟ್ರು, “ನಾಳೆ ಸಮಿತೀಲಿ ಎಲ್ಲಾ ಸೇರಿ ಉಗೀತಾರೆ ಕಣ್ರೀ. ಬರ್ತೀರ ತಾನೆ?” ಎಂದರು.

ಬರ್ತೀನಿ ಎಂದೆ.