ಬೇಕು, ಸಾಕು ಮತ್ತು ಬಾವು

ನನ್ನ ತಮ್ಮ ಇಂದಾಪುರದ ಕಡೆ ಕಬ್ಬಿನ ಲಾರಿ ಹೊಡೆಯುತ್ತಿದ್ದ. ನಿದ್ದೆ ಬರದಿರಲೆಂದು ಗೆಳೆಯನೊಬ್ಬ ಕೊಟ್ಟ ಮಾತ್ರೆ ಮೊದಲು ಅವನನ್ನು ಎಚ್ಚರವಾಗಿಟ್ಟಿತು, ಆಮೇಲೆ ಅವನನ್ನೇ ತಿನ್ನತೊಡಗಿತು. ಲಾರಿ ಮರಕ್ಕೆ ಗುದ್ದಿದ ಮೇಲೆ ಪುಣೆಯ ನಮ್ಮ ಮನೆಗೆ ಕರೆತಂದೆ. ಇನ್ನೊಮ್ಮೆ ಅದನ್ನು ಮುಟ್ಟಿದರೆ ಇವನು ನಮಗೆ ಸಿಗುವುದಿಲ್ಲವೆಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಶಿವಾಜಿನಗರದ ಡಾಕ್ಟರು ಮರಾಠಿಯಲ್ಲಿ ಸಮಾಧಾನದಿಂದ ವಿವರಿಸಿದರು. ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದೆ. ಇಂಥ ಚಟದಲ್ಲಿ ಮಿದುಳಿನ 'ಬೇಕು' ಅನ್ನುವ ಭಾಗಕ್ಕೂ 'ಸಾಕು' ಅನ್ನುವ ಭಾಗಕ್ಕೂ ಮಾತುಕತೆ ಕೆಡುತ್ತದೆ. ಉರಿಯೂತಕ್ಕೂ ಈ ಕೆಡುವಿಕೆಗೂ ನಂಟಿರಬಹುದು, ಯಾವುದು ಮೊದಲೆಂದು ಇನ್ನೂ ಗೊತ್ತಿಲ್ಲ. ಇಷ್ಟು ಎಚ್ಚರದ ಮಾತನ್ನು ನಾನು ಅವ್ವನಿಗೆ ಮೂರೇ ಶಬ್ದದಲ್ಲಿ ಮುಗಿಸಿದೆ: "ತಲ್ಯಾಗ ಬಾವು ಬಂದದ."

ಕನ್ನಡ ಶಬ್ದದ ಬಾಲಕ್ಕೆ 'ಆಹೇ' ಕಟ್ಟಿದರೆ ಮರಾಠಿಯಾಯಿತೆಂದು ಅವ್ವನ ನಂಬಿಕೆ. ಮೇಲಿನ ಮನೆಯಲ್ಲಿದ್ದ, ಎಲ್ಲರೂ ಕಾಕು ಎನ್ನುವ ಮರಾಠಿ ಹೆಂಗಸಿಗೆ ಹೇಳಿಯೇಬಿಟ್ಟಳು: "ತ್ಯಾಚ್ಯಾ ಡೋಕ್ಯಾತ್ ಬಾವು ಆಹೇ." ಅವನ ತಲೆಯಲ್ಲಿ ಬಾವು ಇದೆ ಅಂತ. ಕಾಕು ಕೇಳಿಸಿಕೊಂಡದ್ದು 'ಭಾವೂ'. ಮರಾಠಿಯಲ್ಲಿ ಅದು ಅಣ್ಣತಮ್ಮನೂ ಹೌದು, ಓಣಿಯನ್ನು ನಡುಗಿಸುವ ಪುಂಡನೂ ಹೌದು. ಸಂಜೆಯೊಳಗೆ ನನ್ನ ತಮ್ಮನ ಹಿಂದೆ ಯಾರೋ ದೊಡ್ಡ ಭಾವೂ ಇದ್ದಾನೆಂದು ಇಡೀ ವಠಾರಕ್ಕೆ ಸುದ್ದಿ. ನಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ ಸ್ಕೂಟರು ಮಾಯವಾಯಿತು. ನಾನೇಕೆ ತಿದ್ದಲಿ?

ಒಂದು ಬೆಳಿಗ್ಗೆ ಆ ಗೆಳೆಯನೇ ಗೇಟಿಗೆ ಬಂದು ಬೈಕಿನ ಹಾರ್ನ್ ಒತ್ತಿದ. ತಮ್ಮ ಚಪ್ಪಲಿ ಮೆಟ್ಟಿದ. ತಡೆದ ನನ್ನ ಕೈಯನ್ನು ತಳ್ಳಿದ.

ಅಷ್ಟರಲ್ಲಿ ಕಾಕು ಮೇಲಿನಿಂದ ಗುಡುಗಿದರು: "ತ್ಯಾಚ್ಯಾ ಮಾಗೇ ಭಾವೂ ಆಹೇ!" ಅವನ ಹಿಂದೆ ಭಾವೂ ಇದ್ದಾನೆ ಅಂತ.

"ಕೋಣ್ ಭಾವೂ?" ಯಾವ ಭಾವೂ ಎಂದ ಗೆಳೆಯ.

ತಮ್ಮನ ಹಿಂದೆ ಬನಿಯನ್ನಿನಲ್ಲಿ, ಚಹಾ ಸೋಸುವ ಜಾಲರಿ ಹಿಡಿದು ನಿಂತಿದ್ದವನು ನಾನೊಬ್ಬನೇ. ಕಾಕು ನನ್ನತ್ತ ಬೆರಳು ಮಾಡಿದರು. ಗುಮಾಸ್ತನಾದ ನನ್ನ ಮುಖದಲ್ಲಿ ಆಗುವಷ್ಟು ಹುಬ್ಬು ಗಂಟಿಕ್ಕಿದೆ. ಪುಣೆಯ ಭಾವೂಗಳು ಹೇಗಿರುತ್ತಾರೋ ಯಾರು ಕಂಡಿದ್ದಾರೆ! ಅವನು ಬೈಕ್ ತಿರುಗಿಸಿ ಓಟ ಕಿತ್ತ.

ತಮ್ಮ ಹೊಸ್ತಿಲ ಮೇಲೆ ಕುಸಿದು ಹೊಟ್ಟೆ ಹಿಡಿದು ನಕ್ಕ. ನಗುನಗುತ್ತಲೇ ಅಳು ಬಂತು. ಚಪ್ಪಲಿ ಕಳಚಿಟ್ಟು ಅಂದ:

"ನನ್ನ ತಲ್ಯಾಗ ಸಾಕು ಅನ್ನೂದು ಇನ್ನೂ ಕೇಳಸವಲ್ದು ಅಣ್ಣಾ. ಅದು ಕೇಳಸೂತನಕಾ ನೀನ ಹೊರಗಿಂದ ಒದರು."

ನಾನು "ಸಾಕು!" ಎಂದು ಒದರಿದೆ. ಮೇಲಿನ ಮನೆಯ ಕಾಕು ಹೆದರಿ ಕಿಟಕಿ ಹಾಕಿಕೊಂಡರು.