ಸೊಟ್ಟ ಗಂಟು

ನಮ್ಮನೆಯವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ನಾನು ಅಳಲಿಲ್ಲ. ಅಳೂಕೆ ಪುರಸೊತ್ತೇ ಇರಲಿಲ್ಲ. ಅವರನ್ನು ಮೀಸಬೇಕು, ಉಣ್ಣಿಸಬೇಕು, ನಡುನಡುವೆ ಬೈಯಬೇಕು. ಉಣ್ಣಿಸುವುದೇ ದೊಡ್ಡ ಕಷ್ಟ. ಹೆಂಡತಿ ಕೈತುತ್ತು ತಿನ್ನೂಕೆ ನಾಚಿಕೆ, ಎಡಗೈಯಲ್ಲಿ ಉಣ್ಣೂಕೆ ಹೇಸಿಗೆ. ನಾಲ್ಕು ತುತ್ತಿಗೇ ಸಾಕು ಅಂತ ಮುಖ ತಿರುಗಿಸುತ್ತಿದ್ದರು. ಸಮುದ್ರದಲ್ಲಿ ದೋಣಿ ಎಳೆದ ಮೈ ಒಣಮೀನಿನ ಹಾಗೆ ಆಗುತ್ತಾ ಬಂತು.

ಕುಮಟೆಯ ಆಸ್ಪತ್ರೆಯಲ್ಲಿ ಕಸರತ್ತು ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, "ಅಜ್ಜಾ, ದಿನಾ ಸ್ವಲ್ಪ ಸ್ವಲ್ಪ ಒತ್ತಿ. ಚೆನ್ನಾಗಿ ಬರದಿದ್ರೂ ಅಡ್ಡಿಲ್ಲ, ಬಿಡಬೇಡಿ" ಅಂದಳು. ಮನೆಗೆ ಬಂದವರೇ ಚೆಂಡನ್ನು ಮೂಲೆಗೆ ಎಸೆದರು.

"ನಾನೆಂತ ಅಂಗನವಾಡಿ ಮಗುವೇನೇ?"

ಆತು, ಚೆಂಡು ಬೇಡ. ಅಟ್ಟದಲ್ಲಿದ್ದ ಹರಿದ ಬಲೆ ಇಳಿಸಿ ಜಗಲಿಯ ಕಂಬಕ್ಕೆ ಕಟ್ಟಿದೆ. ಈ ಮನುಷ್ಯ ಬಲೆ ಸರಿಮಾಡಿದರೆ ಎಲ್ಲಿ ಹರಿದಿತ್ತು ಅಂತ ಹುಡುಕಬೇಕಿತ್ತು, ಅಂಥ ಕೈ. ಬಲೆ ಕಂಡದ್ದೇ ಸೂಜಿ, ದಾರ ಕೇಳಿದರು.

ಬೆಳಿಗ್ಗೆ ಗಂಜಿ ಉಂಡ ಮೇಲೆ, ಬಿಸಿಲು ಜಗಲಿ ಹತ್ತುವವರೆಗೆ ಅದೇ ಕೆಲಸ. ಬಲಗೈ ಬೆರಳು ಮಡಚುವುದಿಲ್ಲ, ದಾರ ಜಾರುತ್ತದೆ. ಒಂದೆರಡು ಗಂಟು ಬಿದ್ದರೆ ಹೆಚ್ಚು. ಆದರೆ ಎಷ್ಟು ದಿನವಾದರೂ ಬಲೆಯ ತೂತು ಮಾತ್ರ ಇದ್ದಷ್ಟೇ. ನನಗೆ ಅನುಮಾನ ಬಂತು. ಒಂದು ದಿನ ಬಾಗಿಲ ಸಂದಿಯಿಂದ ನೋಡಿದರೆ, ಎಡಗೈಯಲ್ಲಿ ಚಾಕು ಹಿಡಿದು ಬೆಳಿಗ್ಗೆ ಹಾಕಿದ ಗಂಟನ್ನೆಲ್ಲ ಕೊಯ್ಯುತ್ತಿದ್ದಾರೆ!

"ಎಂತ ಮಾಡ್ತಿದ್ರಿ ಅದು?"

"ಸೊಟ್ಟ ಬಂದದೆ. ಇಂಥ ಗಂಟು ನಾನು ಜನ್ಮದಲ್ಲಿ ಹಾಕಿದ್ದಿಲ್ಲ. ಮೀನು ನಗಾಡ್ತದೆ."

"ಇದು ಮೀನಿಗಲ್ಲ. ಅಂಗಳದಲ್ಲಿ ಒಣಗಿಸೂಕೆ ಹಾಕಿದ ಶೆಟ್ಲಿ, ಸಿಗಡಿ ಮೇಲೆ ಮುಚ್ಚೂಕೆ. ಕಾಗೆಗೆ ಎಂತ ಗೊತ್ತು, ಗಂಟಿನ ಚೆಂದ?"

ಚಾಕು ಕಸಿದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ.

ಆಮೇಲೆ ತೂತು ಸಣ್ಣಗಾಗತೊಡಗಿತು. ಅಷ್ಟರಲ್ಲಿ ಜ್ವರ ಬಂತು, ವಾರಗಟ್ಟಲೆ ಹಾಸಿಗೆ. ಜ್ವರ ಬಿಟ್ಟರೂ ಜಗಲಿಗೆ ಬರಲಿಲ್ಲ.

"ಬಿಟ್ಟೇ ಹೋತು. ಇನ್ನೆಂತ?"

"ಮಳೆಗಾಲದಲ್ಲಿ ದೋಣಿ ಮೇಲೆ ಎಳೆದು ಇಡ್ತಿದ್ರಿ. ಒಡೆದು ಒಲೆಗೆ ಹಾಕ್ತಿದ್ರಾ? ಏಳಿ."

ನನಗೂ ನನ್ನ ತವರಿಗೂ ಸೇರಿಸಿ ಬೈದುಕೊಂಡೇ ಎದ್ದರು.

ಬಲೆ ಮುಗಿದ ದಿನ ಅಂಗಳದಲ್ಲಿ ಹಾಸಿದೆವು. ಮೊದಲಿನ ಗಂಟುಗಳು ಹುಣಸೆಬೀಜದಷ್ಟು ದಪ್ಪ. ಬರುಬರುತ್ತಾ ಸಣ್ಣ. ಸೊಟ್ಟ ಮಾತ್ರ ಕೊನೆಯವರೆಗೂ ಸೊಟ್ಟವೇ. ಮಧ್ಯಾಹ್ನ ನಾನು ತಟ್ಟೆ ಹಿಡಿದು ಕೂತರೆ, ಅವರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಅನ್ನ ಅರ್ಧ ಬಾಯಿಗೆ, ಅರ್ಧ ಬೆಕ್ಕಿಗೆ.

"ಬಂಗಡೆ ಮುಳ್ಳು ಬಿಡಿಸಿ ಕೊಡ್ಲಾ?"

"ಬೇಡ, ಹೋಗೆ." ಸ್ವಲ್ಪ ಹೊತ್ತಿಗೆ, "ಆತು, ಇದೊಂದು ಬಿಡಿಸು. ಹಾಗೇ ಇನ್ನೊಂದು ಸೌಟು ಅನ್ನ ಹಾಕು."

ಆ ಎರಡನೇ ಸೌಟು ಕೇಳದೆ ವರ್ಷವಾಗಿತ್ತು.

ಮಾರನೆ ದಿನ ಬೆಳಿಗ್ಗೆ ಗಂಜಿ ಉಂಡು ಸುಮ್ಮನೆ ಕೂತರು. ಕೈಗೆ ಕೆಲಸ ಇಲ್ಲ. ನಾನು ಒಳಗೆ ಹೋಗಿ ಅಕ್ಕಿ ಡಬ್ಬದಿಂದ ಚಾಕು ತೆಗೆದು, ಚೆನ್ನಾಗಿದ್ದ ಇನ್ನೊಂದು ಬಲೆಗೆ ಒಂದು ತೂತು ಮಾಡಿ ತಂದು ಕಂಬಕ್ಕೆ ಕಟ್ಟಿದೆ.

"ಇಲಿ ಕಡಿದು ಹಾಕಿದೆ ನೋಡಿ."

ಅವರು ಕೊಯ್ದ ಜಾಗ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಈ ಇಲಿಗೆ ಚಾಕು ಎಲ್ಲಿ ಸಿಕ್ತು?" ಅಂದು ಸೂಜಿಗೆ ಕೈ ಚಾಚಿದರು. ಬಲಗೈ.