ಹಡಗಿನವನಿಗೆ ಸಿಕ್ಕ ಟಿಪ್ಸ್

ನಮ್ಮೂರು ತ್ರಾಸಿಯಲ್ಲಿ ಪಕ್ಕದ ಮನೆಯವನು ವಿದೇಶದ ಪ್ರವಾಸಿ ಹಡಗಿನಲ್ಲಿ ಕೋಣೆ ಚೊಕ್ಕ ಮಾಡುವ ಕೆಲಸದಲ್ಲಿದ್ದ. ಅವನ ಮುಖ ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಬಂದರೂ ನಾನು ನಂಬುವುದಿಲ್ಲ. ಕೈಗಳು ಮಾತ್ರ ಬರುತ್ತವೆ, ಯಾರ ಮನೆಗೆ ಹೋದರೂ ಹಾಸಿಗೆಯ ಸುಕ್ಕು ಸವರುತ್ತಿದ್ದ ಕೈಗಳು.

ನಾನೊಮ್ಮೆ ಅಂಥ ಹಡಗು ಹತ್ತಲು ಹೊರಟಾಗ, ಟಿಪ್ಸ್ ಯಾವಾಗ ಕೊಡುವುದೆಂದು ಅವನನ್ನೇ ಕೇಳಿದ್ದೆ.

"ಹಡಗ್ ಇಳು ಹಿಂದಿನ್ ದಿನ ಕೊಡಿ. ಆದ್ರೆ ಕೈಗೇ ಕೊಡಿ, ಹ್ವಾಯ್. ಹಾಸ್ಗಿ ಮೇಲ್ ಇಟ್ರೆ ಕೊಟ್ಟದ್ದಾ, ಮರ್ತದ್ದಾ ಗೊತ್ತಾತಿಲ್ಲೆ. ಮುಟ್ಟುಕೆ ಹೆದ್ರಿಕಿ."

ತಾಯಿಗೆ ಮರೆವು ಹೆಚ್ಚಾದಾಗ ಅವನು ಕೆಲಸ ಬಿಟ್ಟು ಬಂದ. ಬಂದವನು ಮಗನೆಂದು ಅವರಿಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಬಂಗುಡೆ ಮೀನು ಕೊಡಲು ಹೋದಾಗ ಅವನು ಅವರ ಹಾಸಿಗೆಯ ಬಟ್ಟೆ ಬದಲಿಸಿ, ಹಡಗಿನಲ್ಲಿ ಮಾಡುವಂತೆ ಟವೆಲನ್ನು ಆನೆಯಾಗಿ ಮಡಚಿ ದಿಂಬಿನ ಬಳಿ ಇಟ್ಟ. ತಾಯಿ ನಕ್ಕರು. ಸೆರಗಿನ ಗಂಟು ಬಿಚ್ಚಿ ಒಂದು ನೋಟು ಚಾಚಿದರು. ಹತ್ತರದೋ ಇಪ್ಪತ್ತರದೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ.

"ತಕೋ ಮಗಾ, ಚಾ ಕುಡಿ. ಲಾಯ್ಕ್ ಕೆಲ್ಸ ನಿಂದ್."

"ಅಮ್ಮಾ, ನಾನ್ ನಿನ್ ಮಗ ಅಲ್ದಾ?"

ಅವರ ನಗು ಆರಿತು. ಅಪರಿಚಿತನನ್ನು ಕಂಡಂತೆ ಗೋಡೆಯ ಕಡೆ ಸರಿದರು. ಅವನು ಕೂಡಲೇ ಬೆನ್ನು ಬಾಗಿಸಿ, ಎರಡೂ ಕೈಯಲ್ಲಿ ನೋಟು ತೆಗೆದುಕೊಂಡು, "ಥ್ಯಾಂಕ್ಯೂ, ಮೇಡಮ್" ಎಂದ.

ಅವರಿಗೆ ಸಮಾಧಾನವಾಯಿತು. "ನಿಂಗೆ ಅಮ್ಮ ಇದ್ಲಾ, ಮಗಾ?"

"ಈಗ್ಳೂ ಇದ್ರ್, ಮೇಡಮ್. ದೂರ, ಊರಗೆ ಇದ್ರ್."